ಸತ್ತೆ ಬಿದ್ದಿಲ್ಲ, ಡಾಕ್ಟ್ರು ಕೈ ಹಾಕಲ್ಲ ಅಂತಾರೆ. ಯಾವ ಆಧಾರದ ಮೇಲೆ?

ಚಿಂತಾಮಣಿ_ಡೈರಿ
ಎಲ್ಲರಿಗೂ ನಮಸ್ಕಾರ. ಚಿಂತಾಮಣಿ, ಶಿಡ್ಲಘಟ್ಟ ಕಡೆ ಹಾಲಿನ ಸೊಸೈಟಿ ಕಟ್ಟೆ ಮೇಲೆ ಪದೇ ಪದೇ ಏಳೋ ಜಗಳ ಇದು. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು ಕರು ಹಾಕಿ 24 ಗಂಟೆ ಆಗಿದೆ, ಸತ್ತೆ (ಕರು ಹಾಕಿದ ಮೇಲೆ ಬೀಳಬೇಕಾದ ಮಾಸು, ಕೆಲವರು ಕಸ ಅಂತಾರೆ) ಬಿದ್ದಿಲ್ಲ. ಹಳೇ ಕಾಲದ ಡಾಕ್ಟ್ರು ಬಂದ್ರೆ ಭುಜದವರೆಗೂ ಕೈ ಹಾಕಿ ಬಿಡಿಸಿ, ಗರ್ಭಕೋಶದೊಳಗೆ ಮಾತ್ರೆ ಇಟ್ಟು, ಒಂದು ಇಂಜೆಕ್ಷನ್ ಚುಚ್ಚಿ ಹೋಗ್ತಾರೆ. ಹೊಸಬರು ಬಂದ್ರೆ ನೇತಾಡ್ತಿರೋದನ್ನ ಕತ್ತರಿಸಿ, "ಹತ್ತು ದಿನ ಜ್ವರ ನೋಡಿ, ಬಂದ್ರೆ ಫೋನ್ ಮಾಡಿ" ಅಂತ ಹೊರಡ್ತಾರೆ. ಯಾಕೆ ಅಂದ್ರೆ "ಸಂಶೋಧನೆ ಹಾಗೆ ಹೇಳುತ್ತೆ" ಅಂತ ಒಂದೇ ಉತ್ತರ.

ಕಾಯಿಲೆ ಒಂದು, ಓದು ಒಂದು, ಚಿಕಿತ್ಸೆ ಮಾತ್ರ ಎರಡು. ಯಾರ ಮಾತು ನಂಬೋದು? ಆ ಸಂಶೋಧನೆ ಏನು, ಯಾವ ಹಸುಗಳ ಮೇಲೆ ಮಾಡಿದ್ದು, ನಮ್ಮ ಕೊಟ್ಟಿಗೆಗೆ ಅದು ಒಪ್ಪುತ್ತಾ? ಗೊತ್ತಿರೋರು ಬಿಡಿಸಿ ಹೇಳಿ.

ಸೀಮೆಹಸು_ಶ್ರೀನಿವಾಸಪುರ
ಕೈ ಹಾಕಿದ್ರೆ ಕೊಳೆ ಆಗುತ್ತೆ, ನಾಜೂಕು ಜಾಸ್ತಿ ಆಗಿದೆ ಈಗಿನವರಿಗೆ. ಅಷ್ಟೇ ಸಂಶೋಧನೆ.

ಪಶುವೈದ್ಯ_ಮಾಲೂರು
ಶ್ರೀನಿವಾಸಪುರದ ಅಣ್ಣ, ಕೊಳೆಗೆ ಹೆದರೋರು ಈ ಕೆಲಸಕ್ಕೆ ಬರಲ್ಲ ಬಿಡಿ.

ಸತ್ತೆ ಯಾಕೆ ನಿಲ್ಲುತ್ತೆ ಅನ್ನೋದ್ರಿಂದ ಶುರು ಮಾಡೋಣ. ಹಸುವಿನ ಗರ್ಭಕೋಶದ ಒಳಗೋಡೆಯಲ್ಲಿ ಸುಮಾರು 70ರಿಂದ 120 ಗುಂಡಿಗಳಿರುತ್ತವೆ. ಸತ್ತೆ ಅಂಟಿಕೊಂಡಿರೋದು ಆ ಗುಂಡಿಗಳಿಗೆ, ಅಂಗಿ ಗುಂಡಿಗೆ ಕಾಜಾ ಹಾಕಿದ ಹಾಗೆ. ಕರು ಹಾಕುವ ಹೊತ್ತಿಗೆ ಆ ಅಂಟು ಕರಗಬೇಕು. ಕರಗಿಸೋ ಕೆಲಸದಲ್ಲಿ ಹಸುವಿನ ಬಿಳಿ ರಕ್ತಕಣಗಳದ್ದು ದೊಡ್ಡ ಪಾಲು. ಸತ್ತೆ ನಿಲ್ಲುವ ಹಸುಗಳಲ್ಲಿ ಈ ಕಣಗಳು ಕರು ಹಾಕುವ ಸುಮಾರು ಎರಡು ವಾರ ಮುಂಚಿನಿಂದಲೇ ಮಂದವಾಗಿರುತ್ತವೆ ಅಂತ 2002ರ ಹೊತ್ತಿಗೇ ತೋರಿಸಿದ್ದಾರೆ. ಅಂದ್ರೆ ಇದು ಗರ್ಭಕೋಶಕ್ಕೆ ತಳ್ಳುವ ಶಕ್ತಿ ಸಾಲದ ತೊಂದರೆ ಅಲ್ಲ, ಅಂಟು ಬಿಡದ ತೊಂದರೆ.

ಅಂಟು ಬಿಡದೆ ಇರೋದನ್ನ ಕೈಯಿಂದ ಕಿತ್ತರೆ ಏನಾಗುತ್ತೆ? ಗುಂಡಿಯ ಮೇಲ್ಪದರ ಹರಿಯುತ್ತೆ, ರಕ್ತ ಬರುತ್ತೆ, ತುಂಡುಗಳು ಒಳಗೇ ಉಳೀತವೆ. ಹೊರಗಿಂದ ನೋಡೋರಿಗೆ "ಎಲ್ಲಾ ಬಂತು". ಒಳಗೆ ಗಾಯ, ಅದರ ಮೇಲೆ ಕೊಳೆತ ಚೂರು, ಜೊತೆಗೆ ತೋಳಿನ ಜೊತೆ ಒಳಗೆ ಹೋದ ಸಗಣಿ ಕ್ರಿಮಿ. ಕೈಯಿಂದ ತೆಗೆದ ಹಸುಗಳಲ್ಲಿ ಅಂಡಾಶಯ ಮತ್ತೆ ಸರಿಯಾಗಿ ಕೆಲಸ ಶುರು ಮಾಡೋದು ಸುಮಾರು 20 ದಿನ ತಡವಾಯ್ತು ಅಂತ 1988ರ ಒಂದು ಅಧ್ಯಯನ ಇದೆ. 20 ದಿನ ಅಂದ್ರೆ ಹೆಚ್ಚುಕಡಿಮೆ ಒಂದು ಬೆದೆ ಕಳ್ಕೊಂಡ ಹಾಗೆ.

ಸೀಮೆಹಸು_ಶ್ರೀನಿವಾಸಪುರ
ಹಾಗಾದ್ರೆ ಮುಂಚೆ ಇಷ್ಟು ವರ್ಷ ಕಿತ್ತ ಹಸುಗಳು ಗಬ್ಬ ಆಗಲೇ ಇಲ್ವಾ ಡಾಕ್ಟ್ರೇ? ಜಿಲ್ಲೆಯಲ್ಲಿ ಇಷ್ಟು ಹಾಲು ಎಲ್ಲಿಂದ ಬಂತು?

ಹೆಬ್ಬಾಳ_ಪಿಜಿ
ಆದವು. ಕೀಳದೇ ಬಿಟ್ಟಿದ್ರೂ ಬಹಳಷ್ಟು ಆಗ್ತಿದ್ವು. "ಕಿತ್ತೆವು, ಗಬ್ಬ ಆಯ್ತು" ಅನ್ನೋದ್ರಲ್ಲಿ ಹೋಲಿಕೆಗೆ ಇನ್ನೊಂದು ಗುಂಪೇ ಇಲ್ಲ. ಸುಮ್ಮನೆ ಬಿಟ್ಟರೆ ಸತ್ತೆ 2ರಿಂದ 11 ದಿನದೊಳಗೆ ತಾನೇ ಕೊಳೆತು ಬೀಳುತ್ತೆ. ತಾನಾಗೇ ಹೋಗೋ ತೊಂದರೆಗೆ ಏನು ಮಾಡಿದ್ರೂ "ಕೆಲಸ ಮಾಡ್ತು" ಅಂತಲೇ ಅನ್ಸುತ್ತೆ.

ಇನ್ನೊಂದು ಮೋಸ ಇದೆ, ಇದು ಡಾಕ್ಟ್ರುಗಳನ್ನೇ ಜಾಸ್ತಿ ಬೀಳಿಸೋದು. ಕೈ ಹಾಕಿದಾಗ ಸಲೀಸಾಗಿ ಬರೋದನ್ನ ತೆಗೀತಾರೆ. ಬಿಗಿಯಾಗಿ ಅಂಟಿರೋದನ್ನ "ಇವತ್ತು ಬೇಡ" ಅಂತ ಬಿಡ್ತಾರೆ. ಆಮೇಲೆ ಲೆಕ್ಕ ಹಾಕಿದ್ರೆ ತೆಗೆದ ಹಸುಗಳೇ ಚೆನ್ನಾಗಿದ್ದ ಹಾಗೆ ಕಾಣುತ್ತೆ. ಅವು ಮೊದಲಿಗೇ ಸುಲಭದ ಕೇಸುಗಳು! ಅದಕ್ಕೇ ಯಾವ ಹಸುವಿಗೆ ಯಾವ ಚಿಕಿತ್ಸೆ ಅನ್ನೋದನ್ನ ಡಾಕ್ಟ್ರ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದ ಹಾಗೆ ಹಂಚಿದ ಪ್ರಯೋಗಕ್ಕೆ ಬೆಲೆ ಜಾಸ್ತಿ.

ರಾಗಿಹುಲ್ಲು
ಅನುಭವಕ್ಕೆ ಬೆಲೆನೇ ಇಲ್ಲ ಅಂದ ಹಾಗಾಯ್ತು.

ಹೆಬ್ಬಾಳ_ಪಿಜಿ
ಹಾಗಲ್ಲ ಸಾರ್. ಇದು ಬರೀ ನಿಂತ ಸತ್ತೆನಾ, ಒಳಗೆ ಇನ್ನೊಂದು ಕರು ಇದೆಯಾ, ಗರ್ಭಕೋಶ ಹರಿದಿದೆಯಾ, ಜೊತೆಗೆ ಹಾಲು ಜ್ವರ (ಹೆಸರಿಗೆ ಜ್ವರ, ನಿಜಕ್ಕೆ ಈದಾಗ ರಕ್ತದ ಕ್ಯಾಲ್ಸಿಯಂ ಇಳಿಯೋದು) ಶುರುವಾಗ್ತಿದೆಯಾ ಅಂತ ಕಂಡುಹಿಡಿಯೋದು ಅನುಭವವೇ. ಯಾವ ಪೇಪರ್ ಓದಿದ್ರೂ ಅದು ಬರಲ್ಲ. ಆದ್ರೆ ಎರಡು ಚಿಕಿತ್ಸೆಯಲ್ಲಿ ಯಾವುದು ವಾಸಿ ಅನ್ನೋ ಪ್ರಶ್ನೆಗೆ ಒಬ್ಬರ ನೆನಪು ಸಾಕ್ಷಿ ಆಗಲ್ಲ. ವಾಸಿಯಾದ ಹಸು ನೆನಪಿರುತ್ತೆ, ಮೂರು ಸಲ ಗಬ್ಬದ ಸೂಜಿ (ಕೃತಕ ಗರ್ಭಧಾರಣೆ) ಹಾಕಿಸಿ ಗಬ್ಬ ನಿಲ್ಲದೆ ಸಂತೆಗೆ ಹೋದ ಹಸು ಡಾಕ್ಟ್ರ ಕಣ್ಣಿಗೆ ಬೀಳಲ್ಲ.

ನಂದಿ_ತಪ್ಪಲು
ಸತ್ತೆ ಬೀಳಕ್ಕೆ ಆಕ್ಸಿಟೋಸಿನ್ ಕೊಟ್ರೆ ಆಗಲ್ವಾ? ಮೆಡಿಕಲ್ ಸ್ಟೋರಲ್ಲಿ ಕೇಳಿದ್ರೆ ಅದೇ ಕೊಡ್ತಾರೆ.

ಪಶುವೈದ್ಯ_ಮಾಲೂರು
ಆಕ್ಸಿಟೋಸಿನ್ ಗರ್ಭಕೋಶವನ್ನ ಹಿಂಡುತ್ತೆ. ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯೋಕೆ ಕೆಲವೇ ನಿಮಿಷ ಸಾಕು. ಮೇಲೆ ಹೇಳಿದೆ ನೋಡಿ, ತೊಂದರೆ ಹಿಂಡುವುದರದ್ದಲ್ಲ. ಗುಂಡಿ ಬಿಚ್ಚದೆ ಅಂಗಿ ಎಳೆದ ಹಾಗೆ. ಒಂದು ದಿನ ಕಳೆದ ಮೇಲೆ ಕೊಟ್ಟು ಪ್ರಯೋಜನ ಆಯ್ತು ಅನ್ನೋಕೆ ಗಟ್ಟಿ ಆಧಾರ ಇಲ್ಲ. ಇದಕ್ಕೇ ಚುಚ್ಚೋ ಇನ್ನೊಂದು ಹಾರ್ಮೋನ್ ಪ್ರೊಸ್ಟಾಗ್ಲಾಂಡಿನ್ ಕಥೆಯೂ ಅಷ್ಟೇ. ಇನ್ನು ಡಾಕ್ಟ್ರ ಚೀಟಿ ಇಲ್ಲದೆ ಅಂಗಡಿಯಲ್ಲಿ ಆಕ್ಸಿಟೋಸಿನ್ ಮಾರೋದು ಬೇರೆಯೇ ಜಗಳ, ಅದನ್ನ ಇಲ್ಲಿ ಎಳೀಬೇಡಿ.

ಕೆರೆಕೋಡಿ
ಗರ್ಭಕೋಶದೊಳಗೆ ಇಡೋ ಮಾತ್ರೆ? ಅದರಿಂದ ವಾಸನೆ ಕಮ್ಮಿ ಆಗೋದಂತೂ ನಿಜ.

ಗೌರಿಬಿದನೂರು_ಪಶುವೈದ್ಯೆ
ವಾಸನೆ ಕಮ್ಮಿ ಆಗೋದು ನಿಜ, ಅಲ್ಲೇ ಇರೋದು ಎಡವಟ್ಟು. ಸತ್ತೆ ಬಿಡಬೇಕಾದ್ರೆ ಅದು ಕೊಳೀಬೇಕು, ಅಂಟನ್ನು ಕರಗಿಸೋ ಕಿಣ್ವಗಳು ಕೆಲಸ ಮಾಡಬೇಕು. ಟೆಟ್ರಾಸೈಕ್ಲಿನ್ ಜಾತಿಯ ಆಂಟಿಬಯಾಟಿಕ್ ಮಾತ್ರೆ ಆ ಕಿಣ್ವಗಳನ್ನೇ ತಡೆಯುತ್ತೆ. ವಾಸನೆ ನಿಂತಿತು, ಬಿಡುವುದೂ ನಿಂತಿತು. ಮೇಲೆ, ಒಳಗಿಟ್ಟ ಔಷಧ ರಕ್ತಕ್ಕೆ ಸೇರಿ ಹಾಲಿಗೂ ಬರುತ್ತೆ. "ಇಂಜೆಕ್ಷನ್ ಕೊಟ್ಟಿಲ್ಲವಲ್ಲ, ಬರೀ ಮಾತ್ರೆ ತಾನೇ" ಅಂತ ಗಿಣ್ಣು ಮುಗಿದ ತಕ್ಷಣ ಡೈರಿಗೆ ಹಾಲು ಹಾಕ್ತಾರೆ, ಪರೀಕ್ಷೆಯಲ್ಲಿ ಸಿಕ್ಕಿಬೀಳ್ತಾರೆ.

ಚಿಂತಾಮಣಿ_ಡೈರಿ ಕೇಳಿದ ಮುಖ್ಯ ಪ್ರಶ್ನೆಗೆ ಬರ್ತೀನಿ. "ಜ್ವರ ನೋಡಿ, ಬಂದ್ರೆ ಮಾತ್ರ ಔಷಧ" ಅನ್ನೋ ಪದ್ಧತಿಯ ಬುಡ 2000ರ ದಶಕದಲ್ಲಿ ಬರ್ಲಿನ್ ಸಂಶೋಧಕರು ಜರ್ಮನಿಯ ಡೈರಿ ಫಾರ್ಮುಗಳಲ್ಲಿ ಮಾಡಿದ ಪ್ರಯೋಗಗಳು. ಸತ್ತೆ ನಿಂತ ಹಸುಗಳಲ್ಲಿ 39.5 ಡಿಗ್ರಿ ಸೆಲ್ಸಿಯಸ್ ಅಥವಾ ಮೇಲೆ ಜ್ವರ ಬಂದವಕ್ಕೆ ಮಾತ್ರ ಆಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟರು. ಜೊತೆಗೆ ಕೈ ಹಾಕಿ ತೆಗೆದು ಒಳಗೆ ಮಾತ್ರೆ ಇಟ್ಟ ಪದ್ಧತಿಯನ್ನೂ ಹೋಲಿಸಿದರು. ಕೈ ಮತ್ತು ಮಾತ್ರೆಯಿಂದ ಹೆಚ್ಚಿನ ಲಾಭ ಕಾಣಲಿಲ್ಲ, ಆಂಟಿಬಯಾಟಿಕ್ ಖರ್ಚು ಇಳಿಯಿತು.

ಆದ್ರೆ ಈಗಿನ ಹುಡುಗರು ಇದರಲ್ಲಿ ಒಂದು ಸಾಲು ಬಿಟ್ಟು ಓದ್ತಾರೆ. ಆ ಪ್ರಯೋಗದಲ್ಲಿ "ಸುಮ್ಮನೆ ಬಿಟ್ಟರು" ಅಂತ ಎಲ್ಲೂ ಇಲ್ಲ. ದಿನಾ ಜ್ವರ ಅಳೆದರು, ತಪ್ಪದೆ. ಪುರಾವೆ ಇರೋದು "ಕಾದು ನೋಡಿ" ಅನ್ನೋದಕ್ಕೆ. ಕಾಯೋದು ಮಾತ್ರ ಮಾಡಿ ನೋಡೋದು ಬಿಟ್ಟರೆ ಅದಕ್ಕೆ ಯಾವ ಪುರಾವೆಯೂ ಇಲ್ಲ. ಮನೆಯಲ್ಲಿ ಥರ್ಮಾಮೀಟರೇ ಇಲ್ಲದ ರೈತನಿಗೆ "ಜ್ವರ ಬಂದ್ರೆ ಫೋನ್ ಮಾಡಿ" ಅಂದ್ರೆ ಏನರ್ಥ? ಕಿವಿ ಮುಟ್ಟಿ ನೋಡ್ತಾನೆ. ಕಿವಿ ತಣ್ಣಗಿದ್ದೂ ಒಳಗೆ 40 ಇರಬಹುದು.

ಚಿಂತಾಮಣಿ_ಡೈರಿ
ಇದು ಯಾರೂ ಹೇಳಿರಲಿಲ್ಲ ಮೇಡಂ. ಹಾಗಾದ್ರೆ ಸೊಸೈಟಿಯಲ್ಲೇ ಎರಡು ಥರ್ಮಾಮೀಟರ್ ಇಡಬಹುದು, ಮೇವು ಕತ್ತರಿಸೋ ಯಂತ್ರದ ಹಾಗೆ ಸರದಿ ಮೇಲೆ ಕೊಡೋದು.

ನಂದಿ_ತಪ್ಪಲು
39.5 ಅಂದ್ರೆ ಫ್ಯಾರನ್‌ಹೀಟಲ್ಲಿ 102 ತಾನೇ? ನಮ್ಮ ಕಡೆ ಸಿಗೋ ಥರ್ಮಾಮೀಟರೆಲ್ಲ ಎಫ್‌ನದ್ದು.

ಹೆಬ್ಬಾಳ_ಪಿಜಿ
ಅಲ್ಲ, 103.1. 102ಕ್ಕೇ ಸೂಜಿ ಹಿಡಿದ್ರೆ ಅರ್ಧ ಕೊಟ್ಟಿಗೆಗೆ ಔಷಧ ಕೊಡಬೇಕಾಗುತ್ತೆ. ಹಸುವಿನ ಮಾಮೂಲಿ ಶಾಖವೇ 101.5 ಆಸುಪಾಸು.

ಪಾವಗಡದ_ಬಿಸಿಲು
ಸ್ವಾಮಿ, ಜರ್ಮನಿ 39.5 ಪಾವಗಡಕ್ಕೆ ಹೇಗೆ ಒಪ್ಪುತ್ತೆ? ಏಪ್ರಿಲ್‌ನಲ್ಲಿ ಶೀಟಿನ ಕೊಟ್ಟಿಗೆ ಕೆಳಗೆ ಮಧ್ಯಾಹ್ನ 3 ಗಂಟೆಗೆ ಅಳೆದ್ರೆ ಕಾಯಿಲೆ ಇಲ್ಲದ ಎಚ್‌ಎಫ್ ಹಸುವೂ 103 ತೋರಿಸುತ್ತೆ. ಏದುಸಿರು ಬಿಡ್ತಾ ನಿಂತಿರುತ್ತೆ. ಪ್ರತಿಯೊಂದಕ್ಕೂ ಆಂಟಿಬಯಾಟಿಕ್ ಕೊಡೋದಾ?

ಗೌರಿಬಿದನೂರು_ಪಶುವೈದ್ಯೆ
ಒಳ್ಳೇ ಪ್ರಶ್ನೆ. ಪುರಾವೆ ಓದೋದು ಅಂದ್ರೆ ಇದೇ. ಆ ಸಂಖ್ಯೆ ಬಂದಿದ್ದು ಯಾವ ಹವೆಯಲ್ಲಿ, ಯಾವ ಹಸುವಿನಲ್ಲಿ, ದಿನದ ಯಾವ ಹೊತ್ತಲ್ಲಿ ಅಂತ ನೋಡಿ, ಆಮೇಲೆ ನಮ್ಮ ಕೊಟ್ಟಿಗೆಗೆ ತರಬೇಕು. ಬಿಸಿಲ ನಾಡಲ್ಲಿ ಬೆಳಿಗ್ಗೆ 6–7ರ ಒಳಗೆ, ಹಾಲು ಕರೆಯುವ ಮುಂಚೆ, ನೆರಳಲ್ಲಿ ಅಳೀರಿ. ದಿನಾ ಅದೇ ಹೊತ್ತು. ಜ್ವರ ಒಂದನ್ನೇ ಹಿಡ್ಕೋಬೇಡಿ. ಈದು ಹತ್ತು ದಿನದೊಳಗೆ ಯಾವ ಕಾಯಿಲೆಯೂ ಇಲ್ಲದ ಹಸುಗಳಲ್ಲೂ ಒಂದು ದಿನ 39.5 ದಾಟೋದು ಅಪರೂಪವಲ್ಲ. ಪಕ್ಕದಲ್ಲಿ ಕಟ್ಟಿದ ಇನ್ನೊಂದು ಹಸುವಿನ ಶಾಖವನ್ನೂ ಅಳೆದು ನೋಡಿ. ಎರಡೂ 103 ಇದ್ದರೆ ಅದು ಬಿಸಿಲು. ಒಂದೇ ಏರಿದ್ದರೆ ಅದು ಹಸು.

ಜ್ವರದ ಜೊತೆ ಇವೂ ಇರಬೇಕು: ಇಟ್ಟ ಬೂಸ ಬಿಡುತ್ತೆ, ಮೆಲುಕು ಕಮ್ಮಿ, ಹಾಲು ಏರೋ ಬದಲು ಇಳಿಯುತ್ತೆ, ಹಿಂದೆ ಕೆಂಪು ಕಂದು ಬಣ್ಣದ ನೀರಿನಂಥ ದ್ರವ, ಮೂಗು ಮುಚ್ಚುವ ನಾತ. ಸತ್ತೆ ನೇತಾಡ್ತಿದ್ದರೆ ನಾತ ಇದ್ದೇ ಇರುತ್ತೆ, ಅದೊಂದರಿಂದ ತೀರ್ಮಾನ ಬೇಡ. ಹಸು ಮಂಕಾಗಿದೆಯಾ ಇಲ್ವಾ, ಅದು ಮುಖ್ಯ.

ಸೀಮೆಹಸು_ಶ್ರೀನಿವಾಸಪುರ
ಇಷ್ಟೆಲ್ಲ ನೋಡೋ ಬದಲು ಎಲ್ಲಾ ಹಸುಗೂ ಮೊದಲ ದಿನವೇ ಒಂದು ಸೆಫ್ಟ್ರಿಯಾಕ್ಸೋನ್ ಆಂಟಿಬಯಾಟಿಕ್ ಚುಚ್ಚಿದ್ರೆ ತಲೆನೋವೇ ಇಲ್ಲ. ಏನು ನಷ್ಟ?

ಪಶುವೈದ್ಯ_ಮಾಲೂರು
ನಷ್ಟ ನಿಮ್ಮ ಜೇಬಿಗೇ ಅಣ್ಣ. ಲೇಬಲ್ ಮೇಲೆ ಹಾಲಿಗೆ ಎಷ್ಟು ದಿನ ಅಂತ ಬರೆದಿಲ್ಲದ ಔಷಧಕ್ಕೆ 2012ರ ನಿಯಮದ ಪ್ರಕಾರ ಕಡಿಮೆ ಅಂದ್ರೂ 7 ದಿನ ಹಾಲು ಹಾಕೋ ಹಾಗಿಲ್ಲ. ದಿನಕ್ಕೆ 14 ಲೀಟರ್ ಕೊಡೋ ಹಸು ಅಂತ ಇಟ್ಟುಕೊಳ್ಳಿ, 98 ಲೀಟರ್ ಚರಂಡಿಗೆ. ಸತ್ತೆ ನಿಂತ ಹಸುಗಳಲ್ಲಿ ಎಲ್ಲಕ್ಕೂ ಗರ್ಭಕೋಶದ ಸೋಂಕು ಬರಲ್ಲ. ಬರದ ಹಸುವಿನ ಹಾಲನ್ನೂ ಚೆಲ್ಲಿದ ಹಾಗಾಯ್ತು. ಸೆಫ್ಟ್ರಿಯಾಕ್ಸೋನ್, ಸೆಫ್ಟಿಯೋಫರ್ ಎರಡೂ ಮೂರನೇ ತಲೆಮಾರಿನ ಸೆಫಲೋಸ್ಪೋರಿನ್ ಔಷಧಗಳು, ಮನುಷ್ಯರ ದೊಡ್ಡ ಸೋಂಕುಗಳಿಗೆ ಕಾಯ್ದಿಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿ ಮಾಡಿದ ಸಾಲಿನವು.

ಹೆಬ್ಬಾಳ_ಪಿಜಿ
ಔಷಧದ ಲಾಭ ಎಷ್ಟು ಅಂತಲೂ ಲೆಕ್ಕ ಹಾಕಿ ನೋಡಿ. 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗ. ಗರ್ಭಕೋಶದ ಸೋಂಕು ಮತ್ತು ಜ್ವರ ಎರಡೂ ಇದ್ದ ಹಸುಗಳು. ಒಂದು ಗುಂಪಿಗೆ ಕೆಜಿಗೆ 2.2 ಮಿಗ್ರಾಂ ಸೆಫ್ಟಿಯೋಫರ್ 5 ದಿನ, ಇನ್ನೊಂದಕ್ಕೆ ಬರೀ ಉಪ್ಪುನೀರಿನ ಇಂಜೆಕ್ಷನ್. 14ನೇ ದಿನ ನೋಡಿದಾಗ ಔಷಧದ ಗುಂಪಲ್ಲಿ ಸುಮಾರು 77% ವಾಸಿ. ಉಪ್ಪುನೀರಿನ ಗುಂಪಲ್ಲಿ ಸುಮಾರು 62%!

ಇದನ್ನ ಎರಡು ರೀತಿ ಹೇಳಬಹುದು. ಮೆಡಿಕಲ್ ರೆಪ್ "77% ವಾಸಿ" ಅಂತ ಬಣ್ಣದ ಕಾಗದ ಕೊಡ್ತಾನೆ. ಸುಳ್ಳಲ್ಲ. ಆದ್ರೆ ಔಷಧದಿಂದಲೇ ಬಂದ ಲಾಭ 77ರಲ್ಲಿ 62 ಕಳೆದರೆ ಉಳಿಯೋ 15. ಅಂದ್ರೆ 100 ಹಸುಗೆ ಕೊಟ್ಟರೆ 15 ಹಸು ಹೆಚ್ಚಿಗೆ ವಾಸಿಯಾಗುತ್ತವೆ, ಸುಮಾರು 7 ಹಸುಗೆ ಕೊಟ್ಟಾಗ ಒಂದಕ್ಕೆ ನಿಜವಾದ ಉಪಕಾರ. ಅದೂ ಜ್ವರ ಬಂದ ಹಸುಗಳಲ್ಲಿ. ಜ್ವರವೇ ಇಲ್ಲದ ಹಸುಗಳಿಗೆ ಚುಚ್ಚಿದ್ರೆ ಆ 7 ಇನ್ನೂ ಎಷ್ಟೋ ಪಟ್ಟು ಆಗುತ್ತೆ. ಅದೇ ಪ್ರಯೋಗದಲ್ಲಿ ಅರ್ಧ ಡೋಸ್, 1.1 ಮಿಗ್ರಾಂ ಕೊಟ್ಟ ಗುಂಪೂ ಇತ್ತು. ಅದರ ಫಲ ಉಪ್ಪುನೀರಿಗಿಂತ ಹೆಚ್ಚೇನೂ ಇರಲಿಲ್ಲ, ಸುಮಾರು 65%.

ಕೆರೆಕೋಡಿ
ಅಬ್ಬಾ, ಉಪ್ಪುನೀರಿಗೆ 62! ಉಪ್ಪುನೀರೇ ಕೊಡಿ ಹಾಗಾದ್ರೆ, ಹಾಲೂ ಹಾಕಬಹುದು 😄

ಗೌರಿಬಿದನೂರು_ಪಶುವೈದ್ಯೆ
ನಗಬೇಡಿ, ಇದರ ಇನ್ನೊಂದು ಮುಖ ನೋಡಿ. ವಾಸಿಯಾಗದ ಉಳಿದ 38ರಲ್ಲಿ ಕೆಲವು ಹಸು ಮೇವು ಬಿಟ್ಟು, ಕೀಟೋಸಿಸ್ (ಮೇವು ಸಾಲದೆ ಮೈಯ ಕೊಬ್ಬು ಕರಗಿ ಬರೋ ಕಾಯಿಲೆ) ಆಗಿ, ಮಲಗಿಬಿಡುತ್ತವೆ. ಇರೋದೇ ಎರಡು ಹಸು, ಅದರಲ್ಲಿ ಒಂದು ಮಲಗಿದ್ರೆ ಆ ಮನೆಯ ಅರ್ಧ ಆದಾಯ ಹೋಯ್ತು. ಸಾವಿರ ಹಸುವಿನ ಫಾರ್ಮಿಗೆ ಸರಾಸರಿ ಸಾಕು, ಎರಡು ಹಸುವಿನ ಮನೆಗೆ ಸರಾಸರಿ ಸಾಕಾಗಲ್ಲ. ಅದಕ್ಕೇ ಜ್ವರ, ಮಂಕು, ನಾತ ಮೂರೂ ಇದ್ದರೆ ಒಂದು ಗಂಟೆಯೂ ತಡ ಮಾಡದೆ ಪೂರ್ತಿ ಡೋಸ್, ಪೂರ್ತಿ ದಿನ ಕೊಡಬೇಕು. ಒಂದು ದಿನ ಕೊಟ್ಟು "ಸುಧಾರಿಸಿತು" ಅಂತ ನಿಲ್ಲಿಸೋದು ಎಲ್ಲಕ್ಕಿಂತ ಕೆಟ್ಟ ದಾರಿ. ಹಾಲೂ ಹೋಯ್ತು, ಕಾಯಿಲೆಯೂ ಉಳೀತು.

ದುಬಾರಿ ಔಷಧವೇ ಬೇಕು ಅಂತಲೂ ಇಲ್ಲ. ಪ್ರೊಕೇನ್ ಪೆನಿಸಿಲಿನ್ ಅನ್ನು ಸೆಫ್ಟಿಯೋಫರ್ ಜೊತೆ ಹೋಲಿಸಿದ ಪ್ರಯೋಗ 1990ರ ದಶಕದಲ್ಲೇ ಆಗಿದೆ, ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ಫರಕು ಕಾಣಲಿಲ್ಲ. ಕೆಜಿಗೆ 22,000 ಯೂನಿಟ್ ಲೆಕ್ಕದಲ್ಲಿ 400 ಕೆಜಿ ಹಸುವಿಗೆ ದಿನಕ್ಕೆ 88 ಲಕ್ಷ ಯೂನಿಟ್. 40 ಲಕ್ಷದ ಒಂದು ಬಾಟಲಿ ಚುಚ್ಚಿ "ಪೆನಿಸಿಲಿನ್ ಕೆಲಸ ಮಾಡಲ್ಲ" ಅನ್ನೋರು ಬಹಳ. ಕೆಲಸ ಮಾಡದೆ ಇದ್ದಿದ್ದು ಡೋಸು.

ರಾಗಿಹುಲ್ಲು
ಜ್ವರಕ್ಕೆ ನಿಮೆಸುಲೈಡ್ ಜೊತೆಗೆ ಕೊಟ್ರೆ ಬೇಗ ಇಳಿಯುತ್ತೆ.

ಪಶುವೈದ್ಯ_ಮಾಲೂರು
ದಯವಿಟ್ಟು ಬೇಡ. ಪ್ರಾಣಿಗಳಿಗೆ ನಿಮೆಸುಲೈಡ್ 2024ರ ಕೊನೆಯಲ್ಲಿ ನಿಷೇಧ ಆಗಿದೆ. ಡೈಕ್ಲೊಫೆನಾಕ್ 2006ರಲ್ಲಿ, ಕೀಟೊಪ್ರೊಫೆನ್ ಮತ್ತು ಅಸೆಕ್ಲೊಫೆನಾಕ್ 2023ರಲ್ಲಿ. ಸತ್ತ ದನ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ ಅನ್ನೋದೇ ಕಾರಣ. ಉಳಿದಿರೋದರಲ್ಲಿ ಮೆಲೊಕ್ಸಿಕಾಂ ಸುರಕ್ಷಿತ ಅಂತ ಪರೀಕ್ಷೆ ಆಗಿದೆ. ಕೆಜಿಗೆ 0.5 ಮಿಗ್ರಾಂ ಅಂದ್ರೆ 400 ಕೆಜಿಗೆ 200 ಮಿಗ್ರಾಂ. ಬಾಟಲಿ ಮೇಲೆ ಎಂಎಲ್‌ಗೆ 5 ಮಿಗ್ರಾಂ ಇದ್ದರೆ 40 ಎಂಎಲ್, 20 ಮಿಗ್ರಾಂ ಇದ್ದರೆ 10 ಎಂಎಲ್. ಎರಡೂ ಬಾಟಲಿಗೆ "10 ಎಂಎಲ್" ಅಂತ ಕಣ್ಣು ಮುಚ್ಚಿ ಚುಚ್ಚಿದರೆ ಒಂದರಲ್ಲಿ ಕಾಲು ಭಾಗ ಡೋಸ್ ಮಾತ್ರ ಹೋಗುತ್ತೆ.

ಇನ್ನೊಂದು ಮಾತು. ಜ್ವರ ಇಳಿಸೋ ಔಷಧ ಕೊಟ್ಟ ಮೇಲೆ ಥರ್ಮಾಮೀಟರ್ ಸುಳ್ಳು ಹೇಳುತ್ತೆ. ಶಾಖ ಇಳಿದಿದ್ದಕ್ಕೆ ಸೋಂಕು ಹೋಯ್ತು ಅಂದ್ಕೋಬೇಡಿ. ಆಮೇಲೆ ಮೇವು, ಹಾಲು ನೋಡಿ ನಿರ್ಧರಿಸಿ.

ಮಧುಗಿರಿ_ಎಮ್ಮೆ
ಯಾರೂ ಬೆಂಡೆಕಾಯಿ ಬಗ್ಗೆ ಮಾತಾಡಲೇ ಇಲ್ಲವಲ್ಲ. ಎನ್‌ಡಿಡಿಬಿಯವರೇ (ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ) ಪ್ರಚಾರ ಮಾಡಿದ ಮನೆಮದ್ದು ಇದೆ. ಈದ ಎರಡು ಗಂಟೆಯೊಳಗೆ ಒಂದು ಪೂರ್ತಿ ಬಿಳಿ ಮೂಲಂಗಿ. 8 ಗಂಟೆಯಾದ್ರೂ ಬೀಳದಿದ್ದರೆ ಒಂದೂವರೆ ಕೆಜಿ ಬೆಂಡೆಕಾಯಿ, ಬೆಲ್ಲ, ಉಪ್ಪು. 12 ಗಂಟೆ ಆದರೆ ಸತ್ತೆಯನ್ನ ಬುಡದ ಹತ್ತಿರ ಗಂಟು ಹಾಕಿ ಗಂಟಿನಿಂದ ಎರಡಿಂಚು ಕೆಳಗೆ ಕತ್ತರಿಸೋದು, ಗಂಟು ತಾನೇ ಒಳಗೆ ಸೇರ್ಕೊಳುತ್ತೆ. ಮೂರು ಕಾಸಿನ ಖರ್ಚು, ಹಾಲು ಚೆಲ್ಲೋ ಹಾಗೂ ಇಲ್ಲ.

ಹೆಬ್ಬಾಳ_ಪಿಜಿ
ಆ ಮದ್ದಿನ ಕೊನೆಯಲ್ಲಿ ಇನ್ನೊಂದು ಸಾಲಿದೆ: ಕೈಯಿಂದ ತೆಗೆಯಲು ಪ್ರಯತ್ನಿಸಬೇಡಿ. ಆ ಮಟ್ಟಿಗೆ ಬರ್ಲಿನ್ನೂ ಬೆಂಡೆಕಾಯಿಯೂ ಒಂದೇ ಮಾತು.

ಮೂಲಂಗಿ, ಬೆಂಡೆಕಾಯಿ ಕೆಲಸ ಮಾಡುತ್ತಾ ಅನ್ನೋದಕ್ಕೆ ಬಂದರೆ, ಬಹಳಷ್ಟು ಹಸುಗಳಿಗೆ 6ರಿಂದ 8 ಗಂಟೆಯೊಳಗೆ ತಾನೇ ಬಿದ್ದುಹೋಗುತ್ತೆ. ಎರಡು ಗಂಟೆಗೆ ಮೂಲಂಗಿ ಕೊಟ್ಟರೆ ಮೂಲಂಗಿಗೆ ಹೆಸರು, 8 ಗಂಟೆಗೆ ಬೆಂಡೆಕಾಯಿ ಕೊಟ್ಟರೆ 11ಕ್ಕೆ ಬಿದ್ದದ್ದಕ್ಕೆ ಬೆಂಡೆಕಾಯಿಗೆ ಹೆಸರು. ಕೊಡಬೇಡಿ ಅಂತ ಹೇಳ್ತಿಲ್ಲ, ಹಾನಿ ಇಲ್ಲ, ತಿನ್ನಲಿ. ಒಂದೇ ತಾಲ್ಲೂಕಿನ ಹಸುಗಳಲ್ಲಿ ಚೀಟಿ ಎತ್ತಿ ಅರ್ಧಕ್ಕೆ ಕೊಟ್ಟು ಅರ್ಧಕ್ಕೆ ಬಿಟ್ಟು, ಯಾವುದಕ್ಕೆ ಕೊಟ್ಟಿದ್ದು ಅಂತ ಗೊತ್ತಿಲ್ಲದವರ ಕೈಲಿ ಗಂಟೆ ಲೆಕ್ಕ ಬರೆಸಿದ್ರೆ ಉತ್ತರ ಸಿಗುತ್ತೆ. ಆಂಟಿಬಯಾಟಿಕ್‌ಗೆ ಯಾವ ಅಳತೆಗೋಲೋ ಮೂಲಂಗಿಗೂ ಅದೇ.

ಮಧುಗಿರಿ_ಎಮ್ಮೆ
ಸಾವಿರ ವರ್ಷದ ಅನುಭವಕ್ಕೆ ಚೀಟಿ ಎತ್ತೋದಾ!

ಕೆರೆಕೋಡಿ
ಸಾವಿರ ವರ್ಷ ಎಲ್ಲಿಂದ ಬಂತು ಸ್ವಾಮಿ, ಸಾವಿರ ವರ್ಷದ ಹಿಂದೆ ಎಚ್‌ಎಫ್ ಹಸು ಮಧುಗಿರಿಯಲ್ಲಿತ್ತಾ?

ಸೀಮೆಹಸು_ಶ್ರೀನಿವಾಸಪುರ
😂😂 ಅದೂ ಸರಿನೇ. ಆದ್ರೆ ಸತ್ತೆಗೆ ಕಲ್ಲು ಕಟ್ಟೋದು, ಹಳೇ ಎಕ್ಕಡ ಕಟ್ಟೋದು ನೋಡಿದ್ದೀವಲ್ಲ, ಅದಕ್ಕೇನಂತೀರಿ?

ಪಶುವೈದ್ಯ_ಮಾಲೂರು
ಬಿಚ್ಚಿ ಎಸೀರಿ. ಭಾರ ಕಟ್ಟಿದ್ರೆ ಹರಿದು ಅರ್ಧ ಒಳಗೇ ಉಳಿಯುತ್ತೆ, ಹಸು ಮುಕ್ಕರಿದ್ರೆ ಗರ್ಭಕೋಶವೇ ಹೊರಬರೋ ಅಪಾಯ ಇದೆ. ನೇತಾಡೋದು ನೆಲ ಮುಟ್ಟುತ್ತಿದ್ದರೆ ಹಿಂಗಾಲಿನ ಮೊಣಕಾಲ ಮಟ್ಟಕ್ಕೆ ಕತ್ತರಿಸಿ, ಅಷ್ಟೇ. ತೀರಾ ಗಿಡ್ಡ ಮಾಡಬೇಡಿ, ಉಳಿದ ತುಂಡಿನ ತೂಕ ನಿಧಾನಕ್ಕೆ ಎಳೀತಿರಲಿ. ದಿನಕ್ಕೊಂದು ಸಲ ಡಾಕ್ಟ್ರು ಗ್ಲೌಸ್ ಹಾಕಿ ಮೆಲ್ಲಗೆ ಎಳೆದು ನೋಡಬಹುದು. ಸಲೀಸಾಗಿ ಬಂದರೆ ತೆಗೀಬೇಕು. ತಡೆ ಸಿಕ್ಕಿತು ಅಂದ್ರೆ ಕೈ ಬಿಡಬೇಕು. "ಕೈ ಹಾಕಲೇಬಾರದು" ಅಂತ ಯಾರೂ ಹೇಳಿಲ್ಲ, "ಬಿಡಿಸಬಾರದು" ಅಂತ ಹೇಳ್ತಿರೋದು.

ಗೌರಿಬಿದನೂರು_ಪಶುವೈದ್ಯೆ
ಗ್ಲೌಸ್ ಅಂದಿರಲ್ಲ, ಅದನ್ನ ದಪ್ಪ ಅಕ್ಷರದಲ್ಲಿ ಬರೀಬೇಕು. ಏಳು ಎಂಟು ತಿಂಗಳಿಗೇ ಕಂದು ಹಾಕಿ (ಗರ್ಭಪಾತ ಆಗಿ) ಸತ್ತೆ ನಿಂತಿದ್ದರೆ ಮೊದಲ ಅನುಮಾನ ಬ್ರುಸೆಲ್ಲಾ, ಮನುಷ್ಯರಿಗೂ ಅಂಟೋ ರೋಗಾಣು. ಬರಿಗೈಲಿ ಸತ್ತೆ ಮುಟ್ಟಿದವರಿಗೆ ತಿಂಗಳುಗಟ್ಟಲೆ ಬಂದು ಹೋಗೋ ಜ್ವರ, ಕೀಲು ನೋವು, ಬೆವರು. ಮನುಷ್ಯರ ಡಾಕ್ಟ್ರು ಟೈಫಾಯ್ಡ್ ಅಂತ ತಿಂಗಳು ಕಳೀತಾರೆ. "ದನ ಸಾಕ್ತೀವಿ, ಕಂದು ಹಾಕಿತ್ತು" ಅಂತ ನೀವೇ ಬಾಯಿ ಬಿಟ್ಟು ಹೇಳಬೇಕು. ಅಂಥ ಹಸುವಿನ ರಕ್ತದ ಸೀರಂ ತೆಗೆಸಿ ರೋಸ್ ಬೆಂಗಾಲ್ ಪರೀಕ್ಷೆ ಮಾಡಿಸಿ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ಒಳಗೆ ಒಂದೇ ಸಲ ಹಾಕೋ ಲಸಿಕೆ ಇದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಜೊತೆ ಅದೂ ಸೇರಿದೆ. ಗಂಡು ಕರುಗೆ, ಗಬ್ಬದ ಹಸುಗೆ ಹಾಕೋ ಹಾಗಿಲ್ಲ.

ರಾಗಿಹುಲ್ಲು
ಬಿದ್ದ ಸತ್ತೆಯನ್ನ ಹುಲ್ಲಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟೋ ಪದ್ಧತಿ ಇದೆಯಲ್ಲ, ಹಾಲು ಜಾಸ್ತಿ ಆಗುತ್ತೆ ಅಂತ. ಅದಕ್ಕೂ ಪುರಾವೆ ಇಲ್ಲ ಅಂತ ಅದನ್ನೂ ಬಿಡಿಸ್ತೀರಾ?

ಕೆರೆಕೋಡಿ
ಆಲದ ಮರದಲ್ಲಿ ಹಾಲು ಬರುತ್ತೆ, ಅದಕ್ಕೇ ಹಸುವಲ್ಲೂ ಬರುತ್ತೆ. ಇದಕ್ಕಿಂತ ಪುರಾವೆ ಬೇಕಾ.

ಗೌರಿಬಿದನೂರು_ಪಶುವೈದ್ಯೆ
ನಾಯಿ ಬಾಯಿಗೆ ಸಿಗದ ಹಾಗೆ ಎತ್ತರಕ್ಕೆ ಕಟ್ಟೋದು ರಸ್ತೆ ಪಕ್ಕ ಎಸೆಯೋದಕ್ಕಿಂತ ವಾಸಿ, ಅಷ್ಟು ಒಪ್ಪಬಹುದು. ಆದ್ರೆ ಕಾಗೆ ಎಳೆದು ಕೆಳಗೆ ಹಾಕುತ್ತೆ. ಕಂದು ಹಾಕಿದ ಹಸುವಿನದ್ದಾದ್ರೆ ಖಂಡಿತ ಬೇಡ. ನಾಲ್ಕು ಅಡಿಗಿಂತ ಆಳದ ಗುಂಡಿ, ಮೇಲೆ ಸುಣ್ಣ, ಮೇಲೆ ಮಣ್ಣು.

ನಂದಿ_ತಪ್ಪಲು
ಸತ್ತೆ ನಿಲ್ಲದ ಹಾಗೆ ಮುಂಚೆಯೇ ಏನಾದ್ರೂ ಮಾಡೋಕೆ ಪುರಾವೆ ಇದೆಯಾ? ನಿಂತ ಮೇಲೆ ಜಗಳ ಆಡೋದಕ್ಕಿಂತ ಅದು ಒಳ್ಳೇದು.

ಹೆಬ್ಬಾಳ_ಪಿಜಿ
ಇದೆ. ವಿಟಮಿನ್ ಇ ಬಗ್ಗೆ ಹಲವು ಪ್ರಯೋಗಗಳನ್ನ ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯಲ್ಲಿ, ಬತ್ತಿದ ಅವಧಿಯಲ್ಲಿ (ಈಯುವ ಮುಂಚೆ ಹಾಲು ಕರೆಯೋದು ನಿಲ್ಲಿಸಿದ ದಿನಗಳು) ಕೊಟ್ಟ ಹಸುಗಳಲ್ಲಿ ಸತ್ತೆ ನಿಲ್ಲೋದು ಕಮ್ಮಿ ಕಂಡಿದೆ. ಪ್ರಯೋಗಗಳಲ್ಲಿ ಬಳಸಿದ ಒಂದು ಕ್ರಮ, ಈಯುವ ಸುಮಾರು ಒಂದು ವಾರ ಮುಂಚೆ 3,000 ಯೂನಿಟ್ ಒಂದು ಇಂಜೆಕ್ಷನ್. ಆದ್ರೆ ಇಲ್ಲೂ "ಯಾವ ಹಸು" ಅಂತ ಕೇಳಬೇಕು. ಹಸಿರು ಮೇವು ಹೊಟ್ಟೆ ತುಂಬ ತಿನ್ನೋ ಹಸುವಿನಲ್ಲಿ ವಿಟಮಿನ್ ಇ ಮೊದಲೇ ಇರುತ್ತೆ, ಚುಚ್ಚಿದ್ರೂ ದೊಡ್ಡ ಲಾಭ ಕಾಣಲ್ಲ. ಬೇಸಿಗೆಯಲ್ಲಿ ಆರು ತಿಂಗಳು ಬಣವೆಯಲ್ಲಿ ಒಣಗಿದ ರಾಗಿ ಹುಲ್ಲಿನ ಮೇಲೇ ಇರೋ ಬತ್ತಿದ ಹಸುವಿಗೆ ಕೊರತೆ ಇರೋ ಸಾಧ್ಯತೆ ಹೆಚ್ಚು.

ಪಶುವೈದ್ಯ_ಮಾಲೂರು
ನಮ್ಮ ಜಿಲ್ಲೆಗಳಲ್ಲಿ ತಪ್ಪಾಗೋದು ಇಲ್ಲೇ. ಹಾಲು ಕೊಡೋ ಹಸುಗೆ ನೇಪಿಯರ್, ಜೋಳದ ಸೈಲೇಜ್, ಪಶು ಆಹಾರ, ಖನಿಜ ಮಿಶ್ರಣ ಎಲ್ಲಾ ಉಂಟು. ಬತ್ತಿಸಿದ ದಿನದಿಂದ ಬರೀ ಒಣ ಹುಲ್ಲು, "ಹಾಲು ಕೊಡಲ್ಲವಲ್ಲ" ಅಂತ. ಬಿಳಿ ರಕ್ತಕಣ ಮಂದ ಆಗೋದೂ ಅದೇ ಕೊನೆಯ ವಾರಗಳಲ್ಲಿ. ಈಯುವ ಮೂರು ವಾರ ಮುಂಚಿನಿಂದ ಒಳ್ಳೇ ಹಸಿರು ಮೇವು, ಖನಿಜ ಮಿಶ್ರಣ, ನಿಧಾನಕ್ಕೆ ಏರಿಸೋ ಪಶು ಆಹಾರ, ನೆರಳು. ಆ ಹೊತ್ತಲ್ಲಿ ಕ್ಯಾಲ್ಸಿಯಂ ಟಾನಿಕ್ ಮಾತ್ರ ಸುರೀಬೇಡಿ. ಈಯುವ ಮುಂಚೆ ಜಾಸ್ತಿ ಕ್ಯಾಲ್ಸಿಯಂ ಕೊಟ್ಟರೆ ಮೂಳೆಯಿಂದ ಎಳೆದುಕೊಳ್ಳೋ ಅಭ್ಯಾಸ ತಪ್ಪುತ್ತೆ, ಈದ ದಿನವೇ ಕೈ ಕೊಡುತ್ತೆ.

ಮಧುಗಿರಿ_ಎಮ್ಮೆ
ಎಮ್ಮೆಗೂ ಇದೇ 39.5, ಇದೇ ಹತ್ತು ದಿನವಾ?

ಗೌರಿಬಿದನೂರು_ಪಶುವೈದ್ಯೆ
ಮೇಲೆ ಹೇಳಿದ ಪ್ರಯೋಗಗಳೆಲ್ಲ ಹಾಲಿನ ಹಸುಗಳ ಮೇಲೆ ಆಗಿದ್ದು. ಎಮ್ಮೆಗೆ ಅದನ್ನೇ ಎರವಲು ತಂದು ಬಳಸ್ತೀವಿ, ಎರವಲು ಅಂತ ನೆನಪಿಟ್ಟುಕೊಂಡು. ಎಮ್ಮೆ ಬಿಸಿಲಲ್ಲಿ ನಿಂತರೆ ಶಾಖ ಬೇಗ ಏರುತ್ತೆ, ನೀರಿಗಿಳಿದರೆ ಬೇಗ ಇಳಿಯುತ್ತೆ. ಕೆರೆಯಿಂದ ಬಂದ ತಕ್ಷಣ ಅಳೀಬೇಡಿ.

ಪಾವಗಡದ_ಬಿಸಿಲು
ಕುರಿಗೆ?

ನಿರ್ವಾಹಕ
ಕುರಿಗೆ ಬೇರೆ ಎಳೆ ತೆಗೀರಿ, ಇಲ್ಲಿ ಬೆರೆಸಬೇಡಿ. ಔಷಧದ ಪ್ರಮಾಣ ಓದಿ ತಾವೇ ಚುಚ್ಚಬೇಡಿ, ಡಾಕ್ಟ್ರನ್ನ ಕರೆಸಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962.

ಸೀಮೆಹಸು_ಶ್ರೀನಿವಾಸಪುರ
ಸರಿ ಮೇಡಂ, ಕೀಳಿಸಲ್ಲ ಅಂತಲೇ ಇಟ್ಕೊಳ್ಳಿ. ಆದ್ರೆ ಡಾಕ್ಟ್ರು ಬಂದು ಏನೂ ಮಾಡದೆ ಹೋದ್ರೆ ಮನೆಯವರು ಬೈತಾರೆ, ದುಡ್ಡು ಯಾಕೆ ಕೊಡಬೇಕು ಅಂತ.

ಗೌರಿಬಿದನೂರು_ಪಶುವೈದ್ಯೆ
ಏನೂ ಮಾಡದೆ ಹೋದ್ರೆ ಕೊಡಬೇಡಿ. ಜ್ವರ ಅಳೀಬೇಕು, ಹೃದಯ ಬಡಿತ, ಹೊಟ್ಟೆ ಚಲನೆ ಕೇಳಬೇಕು, ಕೆಚ್ಚಲು ಹಿಂಡಿ ನೋಡಬೇಕು, ಇನ್ನೊಂದು ಕರು ಇಲ್ಲ ಅಂತ ಖಚಿತ ಮಾಡಬೇಕು, ಹಾಲು ಜ್ವರದ ಲಕ್ಷಣ ಹುಡುಕಬೇಕು, ಮುಂದಿನ ಹತ್ತು ದಿನ ಏನು ಬರೀಬೇಕು ಅಂತ ತೋರಿಸಬೇಕು. ಅದು ಕಾಲು ಗಂಟೆ ಕೆಲಸ. ಅದಕ್ಕೆ ಕೊಡಿ. ಕೈ ಹಾಕಿ ಕಿತ್ತಿದ್ದಕ್ಕಿಂತ ಅದರಲ್ಲಿ ಓದು ಜಾಸ್ತಿ ಖರ್ಚಾಗಿರುತ್ತೆ.

ಚಿಂತಾಮಣಿ_ಡೈರಿ
ಥರ್ಮಾಮೀಟರ್ ತರಿಸೋದು ಅಂತ ಆಯ್ತು. ಮನುಷ್ಯರ ಡಿಜಿಟಲ್‌ದೇ ನಡೆಯುತ್ತಾ? ಎಷ್ಟು ಒಳಗೆ ಹಾಕಬೇಕು?

ಹೆಬ್ಬಾಳ_ಪಿಜಿ
ನಡೆಯುತ್ತೆ. ಗಾಜಿನದ್ದು ಬೇಡ, ಒಡೆದರೆ ಪಾದರಸ. ಹಿಂದೆ ಒಂದು ದಾರ, ದಾರದ ತುದಿಗೆ ಕ್ಲಿಪ್ ಹಾಕಿ ಬಾಲದ ಕೂದಲಿಗೆ ಸಿಕ್ಕಿಸಿ, ಇಲ್ಲದಿದ್ದರೆ ಸಗಣಿ ಜೊತೆ ಹೊರಗೆ ಬಿದ್ದು ತುಳಿತಕ್ಕೆ ಸಿಗುತ್ತೆ. ಆಳದ ಬಗ್ಗೆ ಕೇಳಿದ್ದು ಒಳ್ಳೇದಾಯ್ತು. 6 ಸೆಂಟಿಮೀಟರ್ ಒಳಗೆ ಹಾಕಿದಾಗಲೂ 11.5 ಸೆಂಟಿಮೀಟರ್ ಹಾಕಿದಾಗಲೂ ಅಳೆದು ಹೋಲಿಸಿದ ಅಧ್ಯಯನ ಇದೆ. ಒಂದೇ ಹಸು, ಒಂದೇ ಹೊತ್ತು, ಆಳ ಹೆಚ್ಚಿದಾಗ ಸುಮಾರು 0.4 ಡಿಗ್ರಿ ಸೆಲ್ಸಿಯಸ್ ಜಾಸ್ತಿ. 39.2 ಇದ್ದ ಹಸು 39.6 ಆಗಿಬಿಡುತ್ತೆ, ಔಷಧ ಬೇಡ ಅನ್ನೋದು ಬೇಕು ಆಗುತ್ತೆ. ಎಷ್ಟು ಆಳ ಅಂತ ಒಂದು ಸಲ ನಿರ್ಧರಿಸಿ ಥರ್ಮಾಮೀಟರ್ ಮೇಲೆ ಬಣ್ಣದ ಟೇಪ್ ಸುತ್ತಿ, ಯಾರು ಅಳೆದ್ರೂ ಟೇಪಿನವರೆಗೆ. ತುದಿ ಸಗಣಿ ಮಧ್ಯೆ ನಿಲ್ಲದ ಹಾಗೆ ಸ್ವಲ್ಪ ಓರೆ ಮಾಡಿ ಗೋಡೆಗೆ ತಾಗಿಸಿ, ಬೀಪ್ ಬರೋವರೆಗೂ ಹಿಡೀರಿ.

ಸೀಮೆಹಸು_ಶ್ರೀನಿವಾಸಪುರ
ಒದ್ದರೆ?

ಪಶುವೈದ್ಯ_ಮಾಲೂರು
ನೇರ ಹಿಂದೆ ನಿಲ್ಲಬೇಡಿ. ಪಕ್ಕಕ್ಕೆ ನಿಂತು, ಮೈ ಹಸುವಿನ ತೊಡೆಗೆ ಒರಗಿಸಿ, ಬಾಲವನ್ನ ಬುಡದಲ್ಲಿ ಹಿಡಿದು ಮೇಲೆತ್ತಿ. ಹತ್ತಿರ ಇದ್ದಷ್ಟೂ ಪೆಟ್ಟು ಕಮ್ಮಿ.